ಜೂನ್ 30ಕ್ಕೆ ಬಿಡುವ ಕುರ್ಚಿ

ಜುಲೈ ತಿಂಗಳಲ್ಲಿ ಗುಂಡ್ಲುಪೇಟೆ ದಾಟಿ ಊಟಿ ಕಡೆಗೋ ಕೇರಳದ ಕಡೆಗೋ ಹೊರಟವರು ದಾರಿಯಲ್ಲಿ ಕಾರು ನಿಲ್ಲಿಸದೆ ಹೋಗುವುದು ಕಡಿಮೆ. ರಸ್ತೆಯ ಎರಡೂ ಬದಿ ಸೂರ್ಯಕಾಂತಿ, ಚೆಂಡುಹೂವಿನ ಹೊಲ. ಬದುವಿನ ಮೇಲೆ ನಿಂತು ಸೆಲ್ಫಿ ತೆಗೆದುಕೊಳ್ಳುವವರ ಹತ್ತಿರ ರೈತರು ಈಗೀಗ ಕಾಸು ಕೇಳುತ್ತಾರೆ. ಕೇಳಲಿ, ಬೆಳೆದವರು ಅವರು. ಅದೇ ತಿಂಗಳಲ್ಲಿ ಚಾಮರಾಜನಗರ, ಗುಂಡ್ಲುಪೇಟೆಯ ಸಭಾಭವನಗಳಲ್ಲಿ ಇನ್ನೊಂದು ಬಗೆಯ ಹೂವಿನ ಸುಗ್ಗಿ ನಡೆಯುತ್ತದೆ. ರೋಟರಿ, ಲಯನ್ಸ್, ಇನ್ನರ್ ವ್ಹೀಲ್ ಕ್ಲಬ್ಬುಗಳ ಪದಗ್ರಹಣ. ವೇದಿಕೆಯ ಮೇಲೆ ಹತ್ತು ಕುರ್ಚಿ, ಹತ್ತು ಹಾರ, ಹತ್ತು ಶಾಲು, ಹತ್ತು ಮೈಸೂರು ಪೇಟ. ನಿರ್ಗಮಿತ ಅಧ್ಯಕ್ಷರು ತಮ್ಮ ಕೊರಳಿನ ಕಾಲರ್ ತೆಗೆದು ಹೊಸಬರ ಕೊರಳಿಗೆ ಹಾಕುತ್ತಾರೆ. ಫೋಟೋದವನು "ಇನ್ನೊಂದ್ಸಲ ಹಾಕಿ ಸಾ" ಎನ್ನುತ್ತಾನೆ. ಇನ್ನೊಂದು ಸಲ ಹಾಕುತ್ತಾರೆ.

ಮಾರನೆಯ ದಿನ ಪತ್ರಿಕೆಯಲ್ಲಿ ಆ ಫೋಟೋ ಬರುತ್ತದೆ. ಟೀ ಅಂಗಡಿಯಲ್ಲಿ ಅದರ ಮೇಲೊಂದು ಷರಾ ಬೀಳುತ್ತದೆ: "ಉಂಡ್ಕಂಡು ಹೋಗದು, ಫೋಟೋ ತಗಸ್ಕಳದು. ಇನ್ನೇನ್ ಸಾ ಮಾಡರು ಇವ್ರು?"

ಈ ಮಾತನ್ನು ನಾನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಟೀ ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಕಂಡದ್ದನ್ನು ಆಡುತ್ತಾರೆ. ಸಿಟ್ಟು ಬರುವುದು ಇದೇ ಮಾತನ್ನು ಇಸ್ತ್ರಿ ಮಾಡಿ ಆಡುವವರ ಮೇಲೆ. ಒಬ್ಬ ಲೆಕ್ಚರರ್ ಹೇಳುತ್ತಾರೆ: ಒಂದು ವರ್ಷದಲ್ಲಿ ಯಾವ ಅಧ್ಯಕ್ಷ ಏನು ಸಾಧಿಸಿಯಾನು? ಕೆಲಸ ಅರ್ಥವಾಗುವಷ್ಟರಲ್ಲಿ ಅವಧಿಯೇ ಮುಗಿಯುತ್ತದೆ. ಒಳ್ಳೆಯವರು ಸಿಕ್ಕಿದರೆ ಮೂರು ವರ್ಷ, ಐದು ವರ್ಷ ಬಿಡಬೇಕು. ಇನ್ನು ಕ್ಲಬ್ಬಿನ ಒಳಗಿನವರೇ ಹೇಳುವುದು: ಮೀಟಿಂಗ್ ಕಡಿಮೆ ಮಾಡೋಣ, ವಾಟ್ಸ್ಆ್ಯಪ್ ಗ್ರೂಪ್ ಇದೆಯಲ್ಲ. ಊಟಕ್ಕೆ ಹಾಕುವ ದುಡ್ಡಲ್ಲಿ ಇನ್ನೊಂದು ಶಾಲೆಗೆ ನೋಟ್‌ಬುಕ್ ಕೊಡೋಣ. ಮೂವರದೂ ಒಂದೇ ಸಿದ್ಧಾಂತ. ಸೇವೆ ಕಾಳು, ಉಳಿದದ್ದು ಹೊಟ್ಟು. ವಾರದ ಸಭೆ, ವರ್ಷದ ಬದಲಾವಣೆ, ಕೂತು ಉಣ್ಣುವುದು ಎಲ್ಲವನ್ನೂ ತೂರಿಬಿಟ್ಟರೆ ಕ್ಲಬ್ಬು ಶುದ್ಧವಾಗುತ್ತದೆ.

ನಾನು ಹೇಳುವುದು, ಇವರು ಕಾಳನ್ನು ಗಾಳಿಗೆ ತೂರಿ ಹೊಟ್ಟನ್ನು ಕಣಜಕ್ಕೆ ತುಂಬಲು ಹೊರಟಿದ್ದಾರೆ. ಇಂಥ ಕ್ಲಬ್ಬು ನಮ್ಮಂಥ ಊರಿಗೆ ಕೊಡಬಹುದಾದ ದೊಡ್ಡ ವಸ್ತು ಎಂದರೆ ತಪ್ಪದೆ ನಡೆಯುವ ಆ ಸಭೆ, ಜೂನ್ 30ಕ್ಕೆ ಬಿಟ್ಟು ಇಳಿಯಲೇಬೇಕಾದ ಆ ಕುರ್ಚಿ, ಜೊತೆಗೆ ಕೂತು ಉಣ್ಣುವ ಆ ಊಟ. ನೋಟ್‌ಬುಕ್ಕನ್ನು ಸರ್ಕಾರವೂ ಕೊಡಬಹುದು, ಕೊಡಲೇಬೇಕು. ಈ ಮೂರನ್ನು ಯಾವ ಇಲಾಖೆಯೂ ಕೊಡಲಾರದು.

ಮೊದಲು ಕುರ್ಚಿಯ ವಿಷಯ. ಅದನ್ನು ಮಾತಾಡಲು ಚಾಮರಾಜನಗರಕ್ಕಿಂತ ಯೋಗ್ಯವಾದ ಊರು ಕರ್ನಾಟಕದಲ್ಲೇ ಇಲ್ಲ. ಇಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ಅಪಖ್ಯಾತಿಯನ್ನು ನಮ್ಮ ತಲೆಗೆ ಕಟ್ಟಿ ದಶಕಗಳಾದವು. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ ಎಂದು ಬೆರಳು ಮಡಿಚಿ ಲೆಕ್ಕ ಕೊಡುವವರಿದ್ದಾರೆ. ಬಾರದೆ ಉಳಿದವರು ಕುರ್ಚಿಯಲ್ಲಿ ಶಾಶ್ವತವಾಗಿ ಕೂತಿದ್ದರೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆ ಹುಟ್ಟಿದಾಗ ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಜಿಲ್ಲಾ ಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಸಮಾಜವಾದಿ ಪಟೇಲರೂ! ಆಮೇಲೆ ಸಿದ್ದರಾಮಯ್ಯನವರು 2013ರಿಂದ ಮತ್ತೆ ಮತ್ತೆ ಬಂದು, ಐದು ವರ್ಷವನ್ನೂ ಪೂರೈಸಿ ಈ ಮಾತಿನ ಬಾಯಿ ಮುಚ್ಚಿಸಿದರು. ಆದರೂ ಅದು ಸತ್ತಿಲ್ಲ. ಯಾಕೆ ಸತ್ತಿಲ್ಲ ಎಂದರೆ, ಕುರ್ಚಿ ಹೋಗುವುದು ಅನಾಹುತ, ಶಾಪ, ಅವಮಾನ ಎಂಬುದನ್ನು ನಾವು ಅಷ್ಟು ಗಟ್ಟಿಯಾಗಿ ನಂಬಿದ್ದೇವೆ. ಕುರ್ಚಿ ಹೋಗಬಹುದಾದ ವಸ್ತು, ಹೋದರೆ ಮನುಷ್ಯ ಮನೆಗೆ ಹೋಗಿ ಅನ್ನ ಉಂಡು ಮಲಗಬಹುದು ಎಂಬುದು ನಮ್ಮ ಕಲ್ಪನೆಗೇ ಬರುವುದಿಲ್ಲ.

ಇದೇ ಊರಲ್ಲಿ, ಯಾವ ಶಾಪವೂ ಇಲ್ಲದೆ, ಪ್ರತಿ ವರ್ಷ ಜೂನ್ 30ಕ್ಕೆ ಒಂದಷ್ಟು ಜನ ಅಧಿಕಾರ ಕಳೆದುಕೊಳ್ಳುತ್ತಾರೆ. ನಗುನಗುತ್ತಾ ಕಳೆದುಕೊಳ್ಳುತ್ತಾರೆ. ಇದರ ಬೆಲೆ ಗೊತ್ತಾಗಬೇಕಾದರೆ ಕ್ಲಬ್ಬಿನ ಹೊರಗೆ ಒಮ್ಮೆ ಕಣ್ಣಾಡಿಸಬೇಕು. ಯಾವುದೇ ತಾಲ್ಲೂಕಿನಲ್ಲಿ ನೋಡಿ: ಸೊಸೈಟಿ, ದೇವಸ್ಥಾನದ ಸಮಿತಿ, ಜಾತಿ ಸಂಘ, ಅದರ ಹಾಸ್ಟೆಲ್ಲು, ವಿದ್ಯಾಸಂಸ್ಥೆ. ಇಪ್ಪತ್ತು ವರ್ಷದಿಂದ ಒಬ್ಬರೇ ಅಧ್ಯಕ್ಷರು, ಅವರಿಗೆ ವಯಸ್ಸಾದರೆ ಅವರ ಮಗ ಎಂಬ ಉದಾಹರಣೆಗೆ ಹುಡುಕಬೇಕಾಗಿಲ್ಲ. "ಅವಿರೋಧ ಆಯ್ಕೆ" ಎಂಬ ಪದವನ್ನು ನಾವು ಹೊಗಳಿಕೆಯಾಗಿ ಬಳಸುತ್ತೇವೆ. ಅವಿರೋಧ ಎಂದರೆ ಎಷ್ಟೋ ಸಲ ಬೇರೆಯವರಿಗೆ ನಾಮಪತ್ರ ಹಾಕುವ ಧೈರ್ಯ ಇರಲಿಲ್ಲ ಎಂದಷ್ಟೇ ಅರ್ಥ. ಇಂಥ ಕಡೆ ಕುರ್ಚಿಯೂ ಮನುಷ್ಯನೂ ಒಂದಾಗಿ ಬೆಳೆದು, ಆಲದ ಬೇರು ಗೋಡೆಯೊಳಗೆ ಹೊಕ್ಕ ಹಾಗೆ, ಬೇರು ಕೀಳಲು ಹೋದರೆ ಗೋಡೆಯೇ ಬೀಳುವ ಸ್ಥಿತಿ ಇರುತ್ತದೆ. ಆಮೇಲೆ "ಅವರಿಲ್ಲದಿದ್ದರೆ ಸಂಸ್ಥೆ ನಡೆಯೋದಿಲ್ಲ" ಎಂದು ನಾವೇ ಹೇಳುತ್ತೇವೆ. ನಡೆಯದ ಹಾಗೆ ಮಾಡಿದವರು ಯಾರು ಎಂದು ಕೇಳುವುದಿಲ್ಲ.

ಕ್ಲಬ್ಬಿನಲ್ಲಿ "ಪಿ.ಪಿ." ಎಂಬ ಒಂದು ಜಾತಿ ಇದೆ. ಪಾಸ್ಟ್ ಪ್ರೆಸಿಡೆಂಟ್. ಹೊಸಬರು ಇದನ್ನು ಕೇಳಿ ನಗುತ್ತಾರೆ, ಮೂವತ್ತು ಜನರ ಸಭೆಯಲ್ಲಿ ಹದಿನೈದು ಜನ ಪಿ.ಪಿ. ಆಗಿರುತ್ತಾರೆ. ಎಲ್ಲರೂ ಮಾಜಿಗಳೇ, ಕೆಲಸ ಮಾಡುವವರು ಯಾರು ಎಂಬ ಹಳೇ ಜೋಕೂ ಇದೆ. ನನಗೆ ಅದು ಜೋಕಾಗಿ ಕಾಣುವುದಿಲ್ಲ. ರಾಜಕೀಯದಲ್ಲಿ "ಮಾಜಿ" ಎಂಬುದು ಗಾಯ. ಅದಿರುವ ಬೋರ್ಡನ್ನು ಯಾರೂ ಖುಷಿಯಿಂದ ಮನೆ ಮುಂದೆ ಹಾಕುವುದಿಲ್ಲ. ಇಲ್ಲಿ ಅದೇ ಬಿರುದು. ಅಧಿಕಾರ ಹಿಡಿದು, ಬಿಟ್ಟು, ಆಮೇಲೂ ಅದೇ ಸಭೆಗೆ ಬಂದು ಮೂರನೆಯ ಸಾಲಿನಲ್ಲಿ ಕೂತು, ತನ್ನ ಹಿಂದೆ ಓಡಾಡುತ್ತಿದ್ದ ಹುಡುಗ ಗಂಟೆ ಬಾರಿಸಿದಾಗ ಎದ್ದು ನಿಲ್ಲುವ ಹದಿನೈದು ಜನ ಒಂದು ತಾಲ್ಲೂಕು ಕೇಂದ್ರದಲ್ಲಿ ಇದ್ದಾರೆ ಎಂಬುದು ಸಣ್ಣ ಸಂಗತಿಯೇ?

ಎದುರು ವಾದಕ್ಕೆ ಬಲ ಇಲ್ಲವೆಂದಲ್ಲ. ಅದರ ಅತಿ ಗಟ್ಟಿ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ, ಬಿಳಿಗಿರಿರಂಗನ ಬೆಟ್ಟದಲ್ಲಿದೆ. ಡಾ. ಎಚ್. ಸುದರ್ಶನ್ ಸೋಲಿಗರ ನಡುವೆ ನೆಲೆಸಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಪ್ರತಿ ಜುಲೈ ಒಂದಕ್ಕೆ ಅವರನ್ನು ಇಳಿಸಿ ಇನ್ನೊಬ್ಬರನ್ನು ಕೂರಿಸಿದ್ದರೆ ಅಲ್ಲಿ ಆಸ್ಪತ್ರೆಯೂ ಇರುತ್ತಿರಲಿಲ್ಲ, ಶಾಲೆಯೂ ಇರುತ್ತಿರಲಿಲ್ಲ. ಇನ್ನೊಂದು ಸಾಕ್ಷಿ ಗುಂಡ್ಲುಪೇಟೆಯದು. ಕೆ.ಎಸ್. ನಾಗರತ್ನಮ್ಮ ಅಲ್ಲಿಂದ ವಿಧಾನಸಭೆಗೆ ಏಳು ಸಲ ಗೆದ್ದರು. ಏಳನೆಯ ಸಲವೂ ಜನ ಅವರನ್ನೇ ಕಳಿಸಿದ್ದಾರೆಂದರೆ ಸುಮ್ಮನೆ ಕಳಿಸಿರಲಿಕ್ಕಿಲ್ಲ. ಒಪ್ಪಿದೆ. ಆದರೆ ಸುದರ್ಶನ್ ಅವರದು ಇಡೀ ಬಾಳನ್ನು ಒತ್ತೆಯಿಟ್ಟ ಕಾಯಕ. ನಾಗರತ್ನಮ್ಮನವರನ್ನು ಇಳಿಸುವ ಅಧಿಕಾರ ಪ್ರತಿ ಚುನಾವಣೆಯಲ್ಲೂ ಮತದಾರರ ಕೈಯಲ್ಲಿತ್ತು. ಕ್ಲಬ್ಬಿನ ಅಧ್ಯಕ್ಷ ಯಾರು? ಬೆಳಿಗ್ಗೆ ಅಂಗಡಿ ಬಾಗಿಲು ತೆರೆದು, ಮಧ್ಯಾಹ್ನ ಮಗಳ ಕಾಲೇಜು ಫೀಸು ಕಟ್ಟಿ, ಸಂಜೆ ಸಭೆಗೆ ಬರುವವನು. ಅವನಿಗೆ ಐದು ವರ್ಷ ಕೊಟ್ಟರೆ ಅವನು ಸುದರ್ಶನ್ ಆಗುವುದಿಲ್ಲ. ಕ್ಲಬ್ಬು ಅವನ ಅಂಗಡಿಯ ಇನ್ನೊಂದು ಕೋಣೆ ಆಗುತ್ತದೆ.

ಒಂದು ವರ್ಷದ ಅಧ್ಯಕ್ಷರಿಂದ ದೊಡ್ಡ ಕೆಲಸ ಆಗುವುದಿಲ್ಲ ಎಂಬ ವಾದಕ್ಕೆ ಉತ್ತರ ಪೋಲಿಯೋ. ರೋಟರಿ ತನ್ನ ಪೋಲಿಯೋಪ್ಲಸ್ ಕಾರ್ಯಕ್ರಮ ಘೋಷಿಸಿದ್ದು 1985ರಲ್ಲಿ. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಿರ್ಮೂಲನೆಯ ಪಣ ತೊಟ್ಟಾಗ ನೂರಿಪ್ಪತ್ತೈದು ದೇಶಗಳಲ್ಲಿ ವರ್ಷಕ್ಕೆ ಮೂರೂವರೆ ಲಕ್ಷ ಮಕ್ಕಳು ಈ ರೋಗಕ್ಕೆ ತುತ್ತಾಗುತ್ತಿದ್ದರೆಂದು ಅಂದಾಜು. ಭಾರತದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹಾವ್ರಾ ಜಿಲ್ಲೆಯದು, 2011ರ ಜನವರಿ 13. ನಾವು ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಬಂದದ್ದು 2014ರ ಮಾರ್ಚ್ 27ರಂದು. ಅಲ್ಲಿಗೆ ಇಪ್ಪತ್ತೊಂಬತ್ತು ವರ್ಷ. ಈ ಅವಧಿಯಲ್ಲಿ ರೋಟರಿಯ ವಿಶ್ವ ಅಧ್ಯಕ್ಷರು ಪ್ರತಿ ಜುಲೈನಲ್ಲೂ ಬದಲಾದರು. ಹನ್ನೆರಡು ಲಕ್ಷ ಸದಸ್ಯರಿರುವ ಸಂಸ್ಥೆಯ ಮುಖ್ಯಸ್ಥನಿಗೂ ಸಿಗುವುದು ಅದೇ ಒಂದು ವರ್ಷ, ಗುಂಡ್ಲುಪೇಟೆಯ ಅಧ್ಯಕ್ಷನಿಗೆ ಸಿಗುವಷ್ಟೇ. 1991ರಲ್ಲಿ ಚಂಡೀಗಢದ ರಾಜೇಂದ್ರ ಸಾಬೂ ಆದರು, 2011ರ ಜುಲೈನಲ್ಲಿ ವಾಪಿಯ ಕಲ್ಯಾಣ್ ಬ್ಯಾನರ್ಜಿ ಆದರು. ಪ್ರಮಾಣಪತ್ರ ಬರುವ ಹೊತ್ತಿಗೆ ಬ್ಯಾನರ್ಜಿಯವರೂ ಮಾಜಿ. ಆ ಯಶಸ್ಸನ್ನು "ನನ್ನ ಅವಧಿಯದು" ಎಂದು ಜೇಬಿಗೆ ಹಾಕಿಕೊಳ್ಳಲು ಒಬ್ಬರಿಗೂ ಆಗಲಿಲ್ಲ. ಇದು ವ್ಯವಸ್ಥೆಯ ದೋಷ ಎನ್ನುತ್ತೀರಾ? ನಾನು ಇದನ್ನೇ ವ್ಯವಸ್ಥೆಯ ಜಾಣತನ ಎನ್ನುತ್ತೇನೆ. ಒಬ್ಬರ ಹೆಸರಿಗೆ ಬರೆದುಕೊಳ್ಳಲಾಗದ ಕೆಲಸವನ್ನೇ ಎಲ್ಲರೂ ಹೊತ್ತರು.

ಪೋಲಿಯೋ ಹನಿ ಹಾಕಿದ್ದು ಆಶಾ ಕಾರ್ಯಕರ್ತೆಯರು, ಅಂಗನವಾಡಿಯ ಅಮ್ಮಂದಿರು, ಸರ್ಕಾರಿ ದಾದಿಯರು. ರೋಟರಿಯ ಪಾಲು ದುಡ್ಡು, ಒತ್ತಾಯ, ಬಿಸಿಲಲ್ಲಿ ಬೂತಿನ ಮುಂದೆ ನಿಂತ ಒಂದಷ್ಟು ಕೈ. ಈ ಅಳತೆ ಮೀರಿ ಬೀಗುವ ರೋಟರಿಯನ್ನರನ್ನು ಕಂಡರೆ ನನಗೂ ಟೀ ಅಂಗಡಿಯವರ ಪಕ್ಷ ಸೇರಬೇಕೆನಿಸುತ್ತದೆ. 2021ರ ಮೇ ತಿಂಗಳಲ್ಲಿ ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದಲ್ಲಿ 24 ರೋಗಿಗಳು ಸತ್ತ ಸುದ್ದಿ ದೇಶವನ್ನೆಲ್ಲ ಸುತ್ತಿತು. ಸರ್ಕಾರ ಕೈಬಿಟ್ಟ ಜಾಗವನ್ನು ಯಾವ ಕ್ಲಬ್ಬಿನ ಪ್ರಾಜೆಕ್ಟೂ ತುಂಬಲಾರದು ಎಂಬುದಕ್ಕೆ ಅದಕ್ಕಿಂತ ಕ್ರೂರವಾದ ಪಾಠ ಬೇಕಿಲ್ಲ. ಹಾಗಾಗಿಯೇ ಕ್ಲಬ್ಬನ್ನು ಪ್ರಾಜೆಕ್ಟಿನ ಪಟ್ಟಿಯಿಂದ ಅಳೆಯಬಾರದು ಎನ್ನುವುದು.

ಅಂದಹಾಗೆ ಆ "ಒಂದು ವರ್ಷ" ಎಂಬುದೂ ಪೂರ್ತಿ ನಿಜವಲ್ಲ. ರೋಟರಿಯ ನಿಯಮದ ಪ್ರಕಾರ ಮುಂದಿನ ಅಧ್ಯಕ್ಷರನ್ನು ಒಂದೂವರೆ ವರ್ಷ ಮೊದಲೇ ಗುರುತಿಸಿರಬೇಕು. ನಾಮಿನಿ, ಆಮೇಲೆ ಎಲೆಕ್ಟ್, ಆಮೇಲೆ ಅಧ್ಯಕ್ಷ, ಆಮೇಲೆ ನಿಕಟಪೂರ್ವ. ಯಾವ ಕ್ಷಣದಲ್ಲಿ ನೋಡಿದರೂ ಈ ಸಾಲಿನಲ್ಲಿ ಮೂರು ನಾಲ್ಕು ಜನ ಇರುತ್ತಾರೆ. ಒಬ್ಬನ ಕೈಯಲ್ಲಿ ಸುತ್ತಿಗೆ, ಉಳಿದವರ ಕೈಯಲ್ಲಿ ನೆನಪು ಮತ್ತು ಯೋಚನೆ. ಇದನ್ನು ಪಾಲಿಸದೆ ಮೇ ತಿಂಗಳಲ್ಲಿ "ಈ ಸಲ ನೀವೇ ಆಗಿಬುಡಿ ಸಾ, ಯಾರೂ ಒಪ್ತಾ ಇಲ್ಲ ಕನಿ" ಎಂದು ಯಾರನ್ನೋ ಹಿಡಿದು ಕೂರಿಸುವ ಕ್ಲಬ್ಬುಗಳು ಬೇಕಾದಷ್ಟಿವೆ. ಆ ತಪ್ಪಿಗೆ ನಿಯಮವನ್ನು ಬೈಯುವುದು, ಅಡುಗೆ ಸೀದರೆ ಒಲೆಗೆ ಒದ್ದ ಹಾಗೆ.

ಇನ್ನು ಸಭೆ. ಇಲ್ಲಿ ನನ್ನ ಪಕ್ಷದವರು ಕಡಿಮೆ, ಒಪ್ಪುತ್ತೇನೆ. ವಾರದ ಸಭೆಯಷ್ಟು ಬೇಸರದ ವಸ್ತು ಲೋಕದಲ್ಲಿ ಇನ್ನೊಂದಿಲ್ಲ ಎಂದು ನಾನೂ ಅಂದುಕೊಂಡವನೇ. ನಮ್ಮ ಕಡೆಯ ಒಂದು ಕ್ಲಬ್ಬಿನಲ್ಲಿ ಒಂದು ವರ್ಷ ಕಾರ್ಯದರ್ಶಿಯಾಗಿ ವರದಿ ಓದಿದವನು ನಾನು. ಏಳು ಗಂಟೆಯ ಸಭೆಗೆ ಏಳೂಮುಕ್ಕಾಲಿಗೆ ಕೋರಂ ಆಗುತ್ತಿತ್ತು. ಪ್ರಾರ್ಥನೆ, ಹೋದ ಸಭೆಯ ನಡಾವಳಿ, ಹುಟ್ಟುಹಬ್ಬದವರಿಗೆ ಶುಭಾಶಯ, ಅತಿಥಿಯ ಪರಿಚಯ, ಅತಿಥಿಯ ಮಾತು, ವಂದನಾರ್ಪಣೆ. ಅತಿಥಿ ಒಂದು ವಾರ ರೇಷ್ಮೆ ಇಲಾಖೆಯ ಅಧಿಕಾರಿ, ಇನ್ನೊಂದು ವಾರ ಸಕ್ಕರೆ ಕಾಯಿಲೆಯ ಡಾಕ್ಟರು. ಒಮ್ಮೆ ಅರಣ್ಯ ಇಲಾಖೆಯವರೊಬ್ಬರು ಬಂದು ಬಂಡೀಪುರದ ರಾತ್ರಿ ಸಂಚಾರ ನಿಷೇಧದ ಬಗ್ಗೆ ಮಾತಾಡಿದರು. ಕೇರಳಕ್ಕೆ ತರಕಾರಿ ಕಳಿಸುವ ಮಂಡಿಯವರು ಅದೇ ಸಭೆಯಲ್ಲಿದ್ದರು. ಒಂಬತ್ತು ಗಂಟೆಯ ತನಕ ವಾದ ನಡೆಯಿತು, ಅನ್ನ ಆರಿತು. ಕಾಡಿನವರೂ ಮಂಡಿಯವರೂ ಕಚೇರಿಯ ಮೇಜಿಲ್ಲದೆ, ಅರ್ಜಿ ಇಲ್ಲದೆ, ಘೋಷಣೆ ಇಲ್ಲದೆ ಎದುರುಬದುರು ಕೂತು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಎಲ್ಲೂ ಕಂಡಿರಲಿಲ್ಲ. ಇಬ್ಬರೂ ಅಭಿಪ್ರಾಯ ಬದಲಾಯಿಸಲಿಲ್ಲ. ಆದರೆ ಮುಂದಿನ ವಾರ ಮಂಡಿಯವರು "ಆ ಆಫೀಸರು ಒಳ್ಳೆ ಮನುಷ್ಯ ಕನಿ, ಮಾತ್ಗ ಸಿಕ್ತಾನ" ಎಂದರು.

ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಇದು ನಡೆಯುತ್ತಿತ್ತೇ? ಅಲ್ಲಿ ನಡೆಯುವುದೇನೆಂದು ಎಲ್ಲರಿಗೂ ಗೊತ್ತು. ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ, ಮಧ್ಯಾಹ್ನ ಯಾರದೋ ಫಾರ್ವರ್ಡ್, ಸಂಜೆ ಅದರ ಮೇಲೆ ಜಗಳ, ರಾತ್ರಿ ಇಬ್ಬರು ಗ್ರೂಪ್ ಬಿಟ್ಟರು. ಎದುರಿಗೆ ಕೂತವನನ್ನು ಅಷ್ಟು ಸಲೀಸಾಗಿ ಬಿಟ್ಟು ಹೋಗಲಾಗುವುದಿಲ್ಲ, ಊಟ ಬೇರೆ ಬಾಕಿ ಇರುತ್ತದೆ.

ಈ ಸಂಸ್ಥೆ ಹುಟ್ಟಿದ್ದೇ ಸಭೆಯಿಂದ ಎಂಬುದನ್ನು ಸೇವೆಯ ಭಕ್ತರು ಮರೆಯುತ್ತಾರೆ. 1905ರ ಫೆಬ್ರವರಿ 23ರ ಸಂಜೆ ಶಿಕಾಗೋದ ಒಂದು ಕಚೇರಿಯಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಮೂವರು ಗೆಳೆಯರನ್ನು ಕೂಡಿಸಿದ. ಅವನು ಬೆಳೆದದ್ದು ವರ್ಮಾಂಟಿನ ಒಂದು ಸಣ್ಣ ಊರಿನಲ್ಲಿ. ಆ ದೊಡ್ಡ ಪಟ್ಟಣದಲ್ಲಿ ಒಂಟಿತನ ಕಾಡುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಗೆಳೆತನ, ಪರಸ್ಪರ ವ್ಯಾಪಾರದ ನೆರವು. ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯ ಮೇಲೆ ಕೂಡುತ್ತಿದ್ದರು, ತಿರುಗುವ ಸಭೆ ಎಂದೇ ರೋಟರಿ ಎಂಬ ಹೆಸರು. ಸೇವೆ ಆಮೇಲೆ ಬಂತು. ಆ ಮೊದಲ ಸೇವೆಯೂ ಏನು? ಶಿಕಾಗೋದಲ್ಲಿ ಒಂದು ಸಾರ್ವಜನಿಕ ಶೌಚಾಲಯ. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ನಿಂತು ಯೋಚಿಸಿದರೆ ಇದಕ್ಕಿಂತ ಅರ್ಥವಾಗುವ ಸೇವೆ ಇಲ್ಲ! ನಾಲ್ಕು ಜನ ಮತ್ತೆ ಮತ್ತೆ ಮುಖ ನೋಡಿಕೊಂಡಿದ್ದರಿಂದ ಊರಿಗೆ ಏನು ಬೇಕೆಂಬುದು ಅವರಿಗೆ ಕಂಡಿತು. ಲಯನ್ಸಿನದೂ ಹೆಚ್ಚುಕಮ್ಮಿ ಇದೇ ಕಥೆ. 1917ರಲ್ಲಿ, ಅದೇ ಶಿಕಾಗೋದಲ್ಲಿ, ವಿಮೆ ವ್ಯಾಪಾರದ ಮೆಲ್ವಿನ್ ಜೋನ್ಸ್ ವ್ಯಾಪಾರಿಗಳ ಕೂಟಗಳನ್ನು ಒಟ್ಟುಮಾಡಿದ. ಹೆಲನ್ ಕೆಲರ್ ಬಂದು ಕುರುಡರ ಪರವಾಗಿ ನಿಲ್ಲಿ ಎಂದು ಕೇಳಿದ್ದು 1925ರಲ್ಲಿ, ಎಂಟು ವರ್ಷ ಕಳೆದ ಮೇಲೆ. ಕೇಳಲು ಒಂದು ಸಭೆ ಇತ್ತು, ಅದರಲ್ಲಿ ಕೂತು ಕೇಳಿಸಿಕೊಳ್ಳುವವರಿದ್ದರು. ಇವತ್ತಿನ ನೇತ್ರ ತಪಾಸಣಾ ಶಿಬಿರಗಳ ಬೇರು ಅಲ್ಲಿದೆ.

ಹಿಂದೆ ರೋಟರಿಯಲ್ಲಿ ಹಾಜರಾತಿಯ ಕಟ್ಟು ಬಿಗಿಯಾಗಿತ್ತು. ಸತತ ನಾಲ್ಕು ಸಭೆ ತಪ್ಪಿಸಿದರೆ ಸದಸ್ಯತ್ವಕ್ಕೇ ಸಂಚಕಾರ. ಚಾಮರಾಜನಗರದವನು ತನ್ನ ಸಭೆ ತಪ್ಪಿಸಿದರೆ ಗುಂಡ್ಲುಪೇಟೆಯ ಸಭೆಗೆ ಹೋಗಿ ಹಾಜರಿ ಹಾಕಿಸಿಕೊಳ್ಳಬಹುದು. ಇದಕ್ಕೆ "ಮೇಕಪ್" ಎನ್ನುತ್ತಾರೆ, ಮುಖಕ್ಕೆ ಬಳಿಯುವುದಲ್ಲ. 2016ರಲ್ಲಿ ನಿಯಮ ಸಡಿಲವಾಯಿತು, ತಿಂಗಳಿಗೆ ಎರಡು ಸಭೆ ಸಾಕು ಎನ್ನುವ ಅವಕಾಶ ಬಂತು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ. ದೊಡ್ಡ ನಗರದವರಿಗೆ ಟ್ರಾಫಿಕ್ಕಿನ ನೆವ ಇದೆ. ಹತ್ತು ನಿಮಿಷದಲ್ಲಿ ಈ ತುದಿಯಿಂದ ಆ ತುದಿಗೆ ಬೈಕಿನಲ್ಲಿ ಹೋಗಬಹುದಾದ ಊರಿನವರಿಗೆ ಏನು ನೆವ? ಟಿವಿ ಧಾರಾವಾಹಿಯೇ?

ಊಟದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅತಿ ಹೆಚ್ಚು ನಗೆ ಬೀಳುವುದು ಇಲ್ಲೇ. "ಫೆಲೋಶಿಪ್" ಎಂದು ಆಮಂತ್ರಣ ಪತ್ರಿಕೆಯ ಕೊನೆಯ ಸಾಲಿನಲ್ಲಿ ಅಚ್ಚಾಗಿರುತ್ತದೆ. ಅದರರ್ಥ ಊಟ ಎಂದು ಎಲ್ಲರಿಗೂ ಗೊತ್ತು. ಕೆಲವು ಕಡೆ ಊಟಕ್ಕೆ ಮುಂಚಿನ ಇನ್ನೊಂದರ್ಥವೂ ಇದೆ, ಅದನ್ನು ಇಲ್ಲಿ ಬಿಡೋಣ. ಸೇವೆ ಮಾಡುವವರು ಯಾಕೆ ಉಣ್ಣಬೇಕು ಎಂದು ಕೇಳುವವರು ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿಗೆ ಜನವರಿಯಲ್ಲಿ ಹೋಗಿ ಬರಬೇಕು. ಸಿದ್ದಪ್ಪಾಜಿಯ ಐದು ದಿನದ ಆ ಜಾತ್ರೆಯಲ್ಲಿ ಪಂಕ್ತಿಸೇವೆ ಎಂಬುದಿದೆ. ಬಿಡಾರ ಹೂಡಿದವರು ಅಡುಗೆ ಮಾಡಿ, ಬೇರೆ ಬೇರೆ ಕುಲದವರು ಸಾಲಾಗಿ ಕೂತು ಉಣ್ಣುತ್ತಾರೆ. ಉಣ್ಣುವುದಕ್ಕೇ ಅಲ್ಲಿ "ಸೇವೆ" ಎಂದು ಹೆಸರು. ಮಂಟೇಸ್ವಾಮಿ ಪರಂಪರೆಯ ಜನರಿಗೆ ಎಂದೋ ತಿಳಿದಿದ್ದ ಸಂಗತಿಯನ್ನು ಪ್ಯಾಂಟು ಹಾಕಿದ ನಾವು ಇಂಗ್ಲಿಷಿನಲ್ಲಿ ಫೆಲೋಶಿಪ್ ಎಂದು ಕರೆದು, ಆಮೇಲೆ ಅದಕ್ಕೆ ನಾಚಿಕೊಳ್ಳುತ್ತಿದ್ದೇವೆ. ಯಾರ ಪಕ್ಕ ಯಾರು ಎಲೆ ಹಾಕಿಕೊಂಡು ಕೂರಬಹುದು ಎಂಬುದರ ಮೇಲೆ ಇಡೀ ಸಮಾಜ ನಿಂತಿದ್ದ ನಾಡು ಇದು. ಇಲ್ಲಿ ಒಟ್ಟಿಗೆ ಉಣ್ಣುವುದನ್ನು ಹಗುರವಾಗಿ ಕಾಣುವವರು ಒಂದೋ ಇತಿಹಾಸ ಮರೆತವರು, ಇಲ್ಲವೇ ಅದನ್ನು ಮರೆಸಲು ಬಯಸುವವರು.

ಈ ಮಾತು ನನ್ನ ಪಕ್ಷದವರನ್ನೂ ಚುಚ್ಚುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಒಟ್ಟಿಗೆ ಉಣ್ಣುವುದು ಸೇವೆ ಎಂದ ಮೇಲೆ, ಪಂಕ್ತಿಯಲ್ಲಿ ಯಾರಿದ್ದಾರೆ ಎಂದು ನೋಡಬೇಕಲ್ಲ. ರೋಟರಿ ಮೊದಲಲ್ಲಿ ಒಂದು ಕಸುಬಿಗೆ ಒಬ್ಬನೇ ಸದಸ್ಯ ಎಂಬ ನಿಯಮ ಇಟ್ಟುಕೊಂಡಿತ್ತು. ಹತ್ತು ಜನ ವಕೀಲರು ಸೇರಿ ವಕೀಲರ ಕೂಟ ಆಗಬಾರದು, ಹತ್ತು ಕಸುಬಿನವರು ಸೇರಬೇಕು ಎಂಬ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ನಮ್ಮಲ್ಲಿ ಹತ್ತು ಕಸುಬಿನವರೂ ಎರಡು ಮೂರು ಜಾತಿಯಿಂದಲೇ ಬರಬಹುದು ಎಂದು ಶಿಕಾಗೋದವರಿಗೆ ಹೇಗೆ ಹೊಳೆಯಬೇಕು? 2011ರ ಜನಗಣತಿಯ ಪ್ರಕಾರ ನಮ್ಮ ಜಿಲ್ಲೆಯ ಸುಮಾರು ಹತ್ತು ಲಕ್ಷ ಜನರಲ್ಲಿ ನಾಲ್ಕರಲ್ಲೊಬ್ಬರು ಪರಿಶಿಷ್ಟ ಜಾತಿಯವರು, ಹತ್ತರಲ್ಲೊಬ್ಬರಿಗಿಂತ ಹೆಚ್ಚು ಪರಿಶಿಷ್ಟ ಪಂಗಡದವರು. ನಿಮ್ಮ ಊರಿನ ಕ್ಲಬ್ಬಿನ ಸದಸ್ಯರ ಪಟ್ಟಿಯನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ. ಸೋಲಿಗರ ಪೋಡಿಗೆ ಕಂಬಳಿ ಹಂಚಲು ಹೋಗುವ ಕ್ಲಬ್ಬಿನಲ್ಲಿ, ಓದಿ ನೌಕರಿ ಹಿಡಿದ ಒಬ್ಬ ಸೋಲಿಗ ಸದಸ್ಯನಾಗಿದ್ದಾನೆಯೇ? ಕಂಬಳಿ ಕೊಟ್ಟಾಗ ಫೋಟೋ ಬರುತ್ತದೆ. ಪಕ್ಕದಲ್ಲಿ ಕೂರಿಸಿಕೊಂಡು ಉಂಡರೆ ಫೋಟೋ ಬೇಕಾಗುವುದಿಲ್ಲ.

ಹೆಂಗಸರ ವಿಷಯ ಇನ್ನೂ ನಾಚಿಕೆಯದು. 1957ರಲ್ಲೇ ಗುಂಡ್ಲುಪೇಟೆ ನಾಗರತ್ನಮ್ಮನವರನ್ನು ಶಾಸನಸಭೆಗೆ ಕಳಿಸಿತು. 1972ರಲ್ಲಿ ಅವರು ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಅಧ್ಯಕ್ಷರಾದರು. ಇಡೀ ಸಭೆ ಅವರ ಮಾತಿಗೆ ಸುಮ್ಮನಾಗುತ್ತಿತ್ತು. ಅದೇ ಕಾಲದಲ್ಲಿ, ಅವರು ಬಯಸಿದ್ದರೂ, ಜಗತ್ತಿನ ಯಾವ ರೋಟರಿ ಕ್ಲಬ್ಬಿನಲ್ಲೂ ಸದಸ್ಯರಾಗಲು ನಿಯಮ ಬಿಡುತ್ತಿರಲಿಲ್ಲ. ಅತಿಥಿಯಾಗಿ ಕರೆದು ಹಾರ ಹಾಕಬಹುದಿತ್ತು, ಅಷ್ಟೆ. ಅಮೆರಿಕದ ಡುವಾರ್ಟೆ ಎಂಬ ಊರಿನ ಕ್ಲಬ್ಬು ಹೆಂಗಸರನ್ನು ಸೇರಿಸಿಕೊಂಡು ಹೊರಹಾಕಿಸಿಕೊಂಡು, ಪ್ರಕರಣ ಅಲ್ಲಿನ ಸುಪ್ರೀಂ ಕೋರ್ಟಿನ ತನಕ ಹೋಗಿ 1987ರಲ್ಲಿ ತೀರ್ಪು ಬಂತು. 1989ರಲ್ಲಿ ರೋಟರಿ ಎಲ್ಲ ಕಡೆಗೂ ಬಾಗಿಲು ತೆರೆಯಿತು. ತೆರೆದ ಮೇಲೂ ನಮ್ಮ ಕಡೆ ಹೆಂಗಸರನ್ನು "ಇನ್ನರ್ ವ್ಹೀಲ್ ಇದೆಯಲ್ಲಮ್ಮ" ಎಂದು ಪಕ್ಕದ ಕೋಣೆಗೆ ಕಳಿಸುವುದೇ ಹೆಚ್ಚು. ಇನ್ನರ್ ವ್ಹೀಲಿನವರು ಎಷ್ಟೋ ಕಡೆ ಗಂಡಂದಿರ ಕ್ಲಬ್ಬಿಗಿಂತ ಚೆನ್ನಾಗಿ ಲೆಕ್ಕ ಇಡುತ್ತಾರೆ ಎಂಬುದು ಬೇರೆ ಮಾತು.

ಕ್ಲಬ್ಬುಗಳನ್ನು ಬೈಯಬೇಕಾದದ್ದು ಇಂಥ ಜಾಗದಲ್ಲಿ, ಉಂಡರೆಂದಲ್ಲ. ಬೈಯಲು ಇನ್ನೂ ಇದೆ. ಹನ್ನೆರಡು ತಿಂಗಳ ಅಧಿಕಾರಕ್ಕೆ ನಾಲ್ಕು ಗಂಟೆಯ ಪದಗ್ರಹಣ ಯಾಕೆ? ವೇದಿಕೆಯ ಮೇಲಿನವರ ಹೆಸರನ್ನು ಪ್ರತಿ ಭಾಷಣಕಾರರೂ ಮತ್ತೆ ಮೊದಲಿಂದ ಹೇಳುವುದು ಯಾಕೆ? ಬಸ್ ತಂಗುದಾಣದ ಮೇಲೆ ಕ್ಲಬ್ಬಿನ ಹೆಸರು ಸಾಕಾಗಿ, ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಅವಧಿ ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ಗ್ರಾನೈಟಿನಲ್ಲಿ ಕೊರೆಸುವುದು ಯಾಕೆ? ಚಾಮರಾಜನಗರದ ಕರಿಕಲ್ಲು ಜಗತ್ತಿಗೆಲ್ಲ ಹೋಗುತ್ತದೆ, ಸರಿ. ಆದರೆ ಒಂದೇ ವರ್ಷ ಕೂರುವ ಕುರ್ಚಿಯವನಿಗೆ ಸಾವಿರ ವರ್ಷ ಬಾಳುವ ಕಲ್ಲಿನ ಮೋಹ ಬಂದಾಗ ಕೆಲಸ ಕೆಡುತ್ತದೆ. ಕಲ್ಲಿನಲ್ಲಿ ಹೆಸರಿಲ್ಲದ ಹೊಸ ಅಧ್ಯಕ್ಷ ಆ ತಂಗುದಾಣದ ಕಡೆ ತಿರುಗಿಯೂ ನೋಡುವುದಿಲ್ಲ, ಶುದ್ಧ ನೀರಿನ ಘಟಕದ ಫಿಲ್ಟರ್ ಬದಲಾಗುವುದಿಲ್ಲ, ಹೋದ ವರ್ಷ ಗಿಡ ನೆಟ್ಟ ಗುಂಡಿಯಲ್ಲೇ ಈ ವರ್ಷವೂ ಗಿಡ ನೆಡುತ್ತಾರೆ. ಲೆಕ್ಚರರ್ ತೋರಿಸುವ ರೋಗ ಇದೇ, ನಾನೂ ಕಂಡಿದ್ದೇನೆ. ಅವರು ಕೊಡುವ ಮದ್ದು ಮಾತ್ರ ತಿರುಗುಮುರುಗು. ಹೆಸರಿನ ಆಸೆಯಿಂದ ಬಂದ ಕಾಯಿಲೆಗೆ 'ಇನ್ನೂ ನಾಲ್ಕು ವರ್ಷ ಹೆಸರಿಟ್ಟುಕೋ' ಎಂದು ಬರೆದುಕೊಟ್ಟರೆ ವಾಸಿಯಾದೀತೆ? ಕಲ್ಲಿನಿಂದ ಹೆಸರು ತೆಗೆಯಿರಿ, ಹೊಸ ಅಧ್ಯಕ್ಷನ ಮೊದಲ ಸಭೆಯಲ್ಲಿ ಹಳೆಯ ಘಟಕಗಳ ಸ್ಥಿತಿಯನ್ನು ನಡಾವಳಿಯಲ್ಲಿ ಓದಿಸಿ. ಸಭೆ ಇರುವುದು ಅದಕ್ಕೇ.

ಹೋದ ಜುಲೈನಲ್ಲಿ ಒಂದು ಪದಗ್ರಹಣಕ್ಕೆ ಹೋಗಿದ್ದೆ. ಊರು, ಕ್ಲಬ್ಬು ಬೇಡ. ಹಾರ, ಪೇಟ, ಎರಡು ಸಲ ಕಾಲರ್ ಹಾಕಿದ್ದು ಎಲ್ಲ ಮುಗಿದು, ಭಾಷಣಗಳೂ ಮುಗಿದು ಹತ್ತು ಗಂಟೆ ದಾಟಿತ್ತು. ಹೊಸ ಅಧ್ಯಕ್ಷರ ಸುತ್ತ ಜನ ಫೋಟೋಕ್ಕೆ ಮುತ್ತಿದ್ದರು. ಕೈ ತೊಳೆಯಲು ಹಿಂದುಗಡೆ ಹೋದರೆ, ಅರ್ಧ ಗಂಟೆಯ ಹಿಂದೆ ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂತಿದ್ದ ಮನುಷ್ಯ ಶರ್ಟಿನ ತೋಳು ಮಡಿಚಿಕೊಂಡು, ಅಡುಗೆಯವರ ಜೊತೆ ನಿಂತು ತಟ್ಟೆ ಎಣಿಸುತ್ತಿದ್ದರು. ಏನು ಸಾ, ನೀವಿಲ್ಲಿ ಎಂದೆ. "ಡ್ರೈವರ್‌ಗಳು ಇನ್ನೂ ಉಂಡಿಲ್ಲ ಕನಿ, ಅನ್ನ ಸಾಲ್ತದಾ ನೋಡ್ತಾ ಇದ್ದಿ" ಎಂದು ಮತ್ತೆ ಎಣಿಸತೊಡಗಿದರು.